ಪುಡಿ ಡಬ್ಬಿಯಿಂದ ಆರೋಗ್ಯವೂ ಬರುವುದಿಲ್ಲ, ಆದಾಯವೂ ಬರುವುದಿಲ್ಲ

ನಿವೃತ್ತರು ಆರೋಗ್ಯದ ಪುಡಿ, ಕ್ಯಾಪ್ಸೂಲ್, ಜ್ಯೂಸ್ ಮಾರುವ ನೆಟ್‌ವರ್ಕ್ ವ್ಯವಹಾರಕ್ಕೆ ಕೈ ಹಾಕಬಾರದು, ಹಾಕಿದವರು ಆದಷ್ಟು ಬೇಗ ಹೊರಗೆ ಬರಬೇಕು ಎಂದು ನಮ್ಮ ಪಿಂಚಣಿದಾರರ ಸಭೆಯಲ್ಲಿ ನಾನು ಹೇಳಿದ್ದೆ. ಆ ಮಾತಿಗೆ ಬಂದ ಆಕ್ಷೇಪ ಒಂದೆರಡಲ್ಲ. ಕೆಲವರು ಸಭೆಯಲ್ಲೇ ಎದ್ದು ನಿಂತು ಕೇಳಿದರು, ಕೆಲವರು ಮನೆಗೆ ಬಂದು ವಾದಿಸಿದರು. ಇವರಲ್ಲಿ ಯಾರೂ ಮೋಸಗಾರರಲ್ಲ. ಬ್ಯಾಂಕು, ಆಸ್ಪತ್ರೆ, ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು, ಒಂದು ಪೈಸೆಯ ಆಪಾದನೆ ಇಲ್ಲದೆ ನಿವೃತ್ತರಾದವರು. ಅದಕ್ಕೇ ಅವರ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರ ಕೊಡುತ್ತಿದ್ದೇನೆ.

ಮೊದಲನೆಯ ಆಕ್ಷೇಪ: "ವಯಸ್ಸಾದವರು ನಾಲ್ಕು ಕಾಸು ದುಡಿಯುವುದೇ ನಿಮ್ಮ ಕಣ್ಣಿಗೆ ತಪ್ಪಾಗಿ ಕಾಣುತ್ತದಾ ಮೇಷ್ಟ್ರೇ?"

ಖಂಡಿತ ಇಲ್ಲ. ಅರವತ್ತರ ನಂತರವೂ ದುಡಿಯಬೇಕು, ದುಡಿದದ್ದಕ್ಕೆ ಕೂಲಿ ಕೇಳಿ ಪಡೆಯಬೇಕು ಎನ್ನುವವನು ನಾನು. ಖಾಸಗಿ ಕಾರ್ಖಾನೆಗಳಲ್ಲಿ ದುಡಿದವರಿಗೆ ಇಪಿಎಸ್ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಯಿತು. ವರ್ಷಗಟ್ಟಲೆ ಅದು ಅಲ್ಲೇ ನಿಂತಿತು. ಬಿ.ಪಿ., ಶುಗರ್ ಮಾತ್ರೆಗೇ ಆ ದುಡ್ಡು ಸಾಲುವುದಿಲ್ಲ. ಅಂಥವರಿಗೆ ಹೆಚ್ಚಿನ ಆದಾಯ ಬೇಕೇ ಬೇಕು. ಬೇಕು ಎನ್ನುವ ಆ ಕಷ್ಟವನ್ನೇ ಹಿಡಿದು ಅವರ ಕೈಯಲ್ಲಿರುವುದನ್ನೂ ಕಿತ್ತುಕೊಳ್ಳುತ್ತಾರಲ್ಲ, ನನ್ನ ತಕರಾರು ಅದರ ಮೇಲೆ.

ಎರಡನೆಯದು: "ಇದು ಚೈನ್ ಸ್ಕೀಮ್ ಅಲ್ಲ. ಸರ್ಕಾರವೇ ಒಪ್ಪಿರುವ ಡೈರೆಕ್ಟ್ ಸೆಲ್ಲಿಂಗ್. ಜಿಎಸ್‌ಟಿ ಇದೆ, ಎಫ್‌ಎಸ್‌ಎಸ್‌ಎಐ ನಂಬರ್ ಇದೆ."

ಡೈರೆಕ್ಟ್ ಸೆಲ್ಲಿಂಗ್ ಕಾನೂನುಬದ್ಧ ಎನ್ನುವುದು ನಿಜ. ಅದಕ್ಕೆಂದೇ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಯಡಿ ನಿಯಮಗಳನ್ನು ಹೊರಡಿಸಿದೆ. ಆದರೆ ಆ ನಿಯಮಗಳಲ್ಲಿ ಏನಿದೆ ಎಂದು ಓದಿದವರು ನಮ್ಮಲ್ಲಿ ಎಷ್ಟು ಜನ? ಪಿರಮಿಡ್ ಯೋಜನೆಯನ್ನು ಅವು ನಿಷೇಧಿಸುತ್ತವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ತಿಳಿಸಿ ಒಪ್ಪಿಗೆ ಪಡೆಯದೆ ಮಾರಾಟಕ್ಕೆಂದು ಗ್ರಾಹಕರ ಮನೆಗೆ ಹೋಗುವಂತಿಲ್ಲ. ಇನ್ನೊಂದು ನಿಯಮವನ್ನು ಎಲ್ಲರೂ ಗಮನವಿಟ್ಟು ಕೇಳಬೇಕು. ಬೇರೆ ಗಿರಾಕಿಗಳನ್ನು ತೋರಿಸಿದರೆ ನೀವು ಕೊಟ್ಟ ಬೆಲೆ ಕಡಿಮೆಯಾಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ ಎಂದು ಹೇಳಿ ಯಾರನ್ನೂ ಕೊಳ್ಳುವಂತೆ ಒಲಿಸಬಾರದು. "ನಾಲ್ಕು ಜನರನ್ನು ಕರೆತನ್ನಿ, ನಿಮ್ಮ ದುಡ್ಡು ನಿಮಗೆ ಬಂದುಬಿಡುತ್ತದೆ" ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕಲ್ಲ? ಜನರನ್ನು ಸೇರಿಸಿದ್ದಕ್ಕೇ ಹಣ ಹಂಚುವ ಯೋಜನೆಗಳನ್ನಂತೂ 1978ರಷ್ಟು ಹಿಂದೆಯೇ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ.

ಜಿಎಸ್‌ಟಿ ನಂಬರ್ ಇದ್ದರೆ ಅವರು ತೆರಿಗೆ ಕಟ್ಟಲು ನೋಂದಣಿಯಾಗಿದ್ದಾರೆ ಎಂದಷ್ಟೇ ಅರ್ಥ. ಎಫ್‌ಎಸ್‌ಎಸ್‌ಎಐ ಪರವಾನಗಿ ಆಹಾರ ಪದಾರ್ಥ ತಯಾರಿಸಿ ಮಾರುವುದಕ್ಕೆ ಕೊಡುವುದು. ಮಂಡಿನೋವು ವಾಸಿ ಮಾಡುವುದಕ್ಕಲ್ಲ. ಈ ಎರಡು ನಂಬರ್ ತೋರಿಸಿ "ಸರ್ಕಾರದ ಮಾನ್ಯತೆ" ಅನ್ನುವುದು ಸುಳ್ಳು.

ಮೂರನೆಯದು ಎಲ್ಲರೂ ಹೇಳುವ ಮಾತು: "ನೀವು ಬರೀ ಆರು ಜನರನ್ನು ಸೇರಿಸಿದರೆ ಸಾಕು. ಅವರು ತಲಾ ಆರು ಜನ. ಆಮೇಲೆ ದುಡ್ಡು ತಾನೇ ಬರುತ್ತೆ."

ನಾನು ಗಣಿತದ ಮೇಷ್ಟ್ರಾಗಿದ್ದವನು. ಈ ಲೆಕ್ಕವನ್ನು ಪೂರ್ತಿ ಮಾಡದೆ ಬಿಡಲಾರೆ. ಮೊದಲ ಮೆಟ್ಟಿಲಲ್ಲಿ 6 ಜನ. ಎರಡನೆಯದರಲ್ಲಿ 36, ಮೂರರಲ್ಲಿ 216, ನಾಲ್ಕರಲ್ಲಿ 1,296. ಹೋಟೆಲ್ ಹಾಲ್‌ನಲ್ಲಿ ನಡೆಯುವ ಮೀಟಿಂಗ್‌ಗಳಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದುವರಿಸಿ ನೋಡಿ. ಏಳನೆಯ ಮೆಟ್ಟಿಲಿಗೆ 2,79,936 ಜನ ಬೇಕು. 2011ರ ಜನಗಣತಿಯಲ್ಲಿ ನಮ್ಮ ಇಡೀ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಹತ್ತನೆಯ ಮೆಟ್ಟಿಲಿಗೆ 6,04,66,176 ಜನ ಬೇಕು. ಅದೇ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ರಾಜ್ಯದ ಪ್ರತಿಯೊಬ್ಬರೂ ಪುಡಿ ಡಬ್ಬಿ ಹಿಡಿದು ನಿಂತರೂ ಹತ್ತನೆಯ ಮೆಟ್ಟಿಲೊಂದೇ ಹೆಚ್ಚುಕಡಿಮೆ ಅವರನ್ನೆಲ್ಲ ನುಂಗಿಬಿಡುತ್ತದೆ. ಹನ್ನೊಂದನೆಯದಕ್ಕೆ ಜನ ಎಲ್ಲಿಂದ ಬರಬೇಕು?

ಇದಕ್ಕೆ ಒಬ್ಬರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಒಳ್ಳೆಯ ಪ್ರತಿವಾದವನ್ನೇ ಹೂಡಿದರು: "ಅಷ್ಟು ದೂರ ಯಾವುದೂ ಹೋಗಲ್ಲ ಸಾರ್. ನಾಲ್ಕೈದು ಮೆಟ್ಟಿಲಿಗೆ ನಿಲ್ಲುತ್ತೆ." ನಿಲ್ಲಲಿ. ಎಲ್ಲಿ ನಿಂತರೂ ಕೊನೆಯ ಮೆಟ್ಟಿಲಲ್ಲಿ ಎಷ್ಟು ಜನ ಉಳಿದರು ಎಂದು ಎಣಿಸಿ. ತಲಾ ಆರು ಜನರ ಲೆಕ್ಕದಲ್ಲಿ ನೂರಕ್ಕೆ 83 ಜನ ಯಾವಾಗಲೂ ಕೊನೆಯ ಮೆಟ್ಟಿಲಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇಲ್ಲ, ಅವರಿಗೆ ಯಾರಿಂದಲೂ ಕಮಿಷನ್ ಇಲ್ಲ. ತಲಾ ಇಬ್ಬರೇ ಸಾಕು ಎಂದರೂ ಅರ್ಧಕ್ಕರ್ಧ ಜನ ಅಲ್ಲೇ. ಇದಕ್ಕೂ ನಿಮ್ಮ ಶ್ರಮಕ್ಕೂ ಸಂಬಂಧವಿಲ್ಲ. ಅಂಕಿಯ ಗುಣವೇ ಹಾಗೆ. "ನೀವು ಪ್ರಯತ್ನ ಸಾಲದೆ ಸೋತಿರಿ" ಎಂದು ಸೋತವರಿಗೇ ಬುದ್ಧಿ ಹೇಳುವ ಅಪ್‌ಲೈನ್‌ಗಳನ್ನು, ಅಂದರೆ ಮೇಲಿನ ಮೆಟ್ಟಿಲಿನವರನ್ನು, ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ನಿವೃತ್ತ ನರ್ಸ್ ಒಬ್ಬರು, ನಾವೆಲ್ಲ ಸಿಸ್ಟರ್ ಎಂದೇ ಕರೆಯುವವರು, ತಮ್ಮ ಲೆಕ್ಕದ ಪುಸ್ತಕವನ್ನು ನನ್ನ ಮುಂದಿಟ್ಟರು. ಉದ್ದನೆಯ ಬೈಂಡಿನ ಪುಸ್ತಕ, ದುಂಡಗಿನ ಅಕ್ಷರ, ಕೆಂಪು ಪೆನ್ನಿನಲ್ಲಿ ಗೆರೆ. ಎಡಗಡೆ ಪುಟದಲ್ಲಿ ಕೊಂಡ ಮಾಲು, ಬಲಗಡೆ ಬಂದ ಕಮಿಷನ್. ಎಡಪುಟ ಕೆಳಗಿನವರೆಗೂ ತುಂಬಿತ್ತು. ಬಲಪುಟದಲ್ಲಿ ನಾಲ್ಕೇ ನಾಲ್ಕು ಸಾಲು. ಕಮಿಷನ್ ಬರಬೇಕಾದರೆ ಪ್ರತಿ ತಿಂಗಳೂ ಇಷ್ಟು "ಪಾಯಿಂಟ್" ಆಗಲೇಬೇಕು. ಗಿರಾಕಿ ಸಿಗದ ತಿಂಗಳು ಅವರೇ ಕೊಂಡಿದ್ದಾರೆ. ಒಂದು ಕಡೆ "ಸೊಸೆ ಹೆಸರಿಗೆ" ಎಂದಿತ್ತು. ಸೊಸೆಯ ಆಧಾರ್ ಕೊಟ್ಟು ಇನ್ನೊಂದು ಐ.ಡಿ. ತೆರೆದು ಅದರಲ್ಲೂ ತಾವೇ ಕೊಂಡ ಮಾಲು ಅದು. ಬೆಂಗಳೂರಿನ ಮೀಟಿಂಗ್‌ಗೆ ಹೋದ ಬಸ್ ಚಾರ್ಜು, ಹಾಲ್ ಟಿಕೆಟ್ಟು ಪುಸ್ತಕದಲ್ಲಿ ಎಲ್ಲೂ ಇಲ್ಲ. "ಅದನ್ನೆಲ್ಲ ಬರೀಬೇಕು ಅಂತ ಹೊಳೀಲೇ ಇಲ್ಲ ಮೇಷ್ಟ್ರೇ" ಅಂದರು. ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆ. ಅದರೊಳಗಿನ ಅರ್ಧ ಡಬ್ಬಿಗಳ ಅವಧಿ ಮುಗಿದಿತ್ತು.

ನಾಲ್ಕನೆಯ ಆಕ್ಷೇಪ ಆರೋಗ್ಯದ್ದು. "ದುಡ್ಡಿನ ಮಾತು ಬಿಡಿ. ನನ್ನ ಮಂಡಿನೋವು ಹೋಗಿದ್ದು ಸುಳ್ಳಾ?"

ಸುಳ್ಳಲ್ಲ. ನಿಮಗೆ ಹಾಯೆನಿಸಿದೆ ಎಂದರೆ ನಾನು ನಂಬುತ್ತೇನೆ. ಆದರೆ ಮಂಡಿ ಸವೆತದ ನೋವು ಒಂದೇ ಸಮನೆ ಇರುವುದಿಲ್ಲ. ಕೆಲವು ವಾರ ಹೆಚ್ಚು, ಕೆಲವು ವಾರ ಕಡಿಮೆ. ನೋವು ಜೋರಾದಾಗ ಪುಡಿ ಶುರುಮಾಡುತ್ತೇವೆ, ಅದು ತಾನಾಗಿ ಇಳಿದಾಗ ಪುಡಿಗೆ ಹೆಸರು ಬರುತ್ತದೆ. ಜೊತೆಗೆ, ಪುಡಿ ಕೊಡುವವರು ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ, ರಾತ್ರಿ ಬೇಗ ಊಟ ಮಾಡಿ, ಸಕ್ಕರೆ ಬಿಡಿ ಎಂದೂ ಹೇಳಿರುತ್ತಾರೆ. ಈ ಮೂರನ್ನು ನೀವು ಮಾಡಿದ್ದೀರಿ. ಗುಣ ಕೊಟ್ಟಿದ್ದು ಅದು. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಡಬ್ಬಿಯ ಹಿಂಬದಿಯನ್ನು ಭೂತಗನ್ನಡಿ ಹಿಡಿದು ಓದಿ. ಇಂಥ ಪೋಷಕ ಪುಡಿ, ಮಾತ್ರೆಗಳ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂಬ ಅರ್ಥದ ಸಾಲನ್ನು ಅಚ್ಚುಹಾಕಬೇಕೆಂದು ಕಾನೂನೇ ಹೇಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಇವನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಡಬ್ಬಿಯ ಮೇಲೆ ಬರೆಯುವ ಧೈರ್ಯ ಕಂಪನಿಗೆ ಇಲ್ಲ. ಬರೆಯಲಾಗದ್ದನ್ನು ನಿಮ್ಮ ಬಾಯಿಂದ, ನಿಮ್ಮ ನೆಂಟರಿಷ್ಟರ ಮುಂದೆ ಹೇಳಿಸುತ್ತಾರೆ. ನಾಳೆ ಯಾರಾದರೂ ಶುಗರ್ ಮಾತ್ರೆ ನಿಲ್ಲಿಸಿ ಆಸ್ಪತ್ರೆ ಸೇರಿದರೆ ಕಂಪನಿಯ ಕೈ ಶುದ್ಧ, ಹೇಳಿದವರು ನೀವು.

ಈ ಅಪಾಯ ದೊಡ್ಡದು. ಮೂತ್ರಪಿಂಡ ದುರ್ಬಲವಾದವರಿಗೆ ವೈದ್ಯರು ಪ್ರೋಟೀನ್ ಮಿತಿಯಲ್ಲಿರಲಿ ಎನ್ನುತ್ತಾರೆ. ಅಂಥವರ ಮನೆಗೂ ಪ್ರೋಟೀನ್ ಪುಡಿ ಹೋಗುತ್ತಿದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಏನೇನಿದೆ ಎಂದು ಗೊತ್ತಿಲ್ಲದ ಗಿಡಮೂಲಿಕೆ ಕ್ಯಾಪ್ಸೂಲ್ ನುಂಗುತ್ತಿದ್ದಾರೆ. ನಮ್ಮ ವಯಸ್ಸಿನವರಿಗೆ ಕೊರತೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು. ಅದನ್ನು ರಕ್ತ ಪರೀಕ್ಷೆ ಹೇಳಬೇಕು, ವೈದ್ಯರು ಬರೆದುಕೊಡಬೇಕು, ಮೆಡಿಕಲ್ ಶಾಪಿನಲ್ಲಿ ಬಿಲ್ಲು ಹಾಕಿಸಿ ತರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ, ಮೈಕಟ್ಟು ಬೆಳೆಸಲೆಂದು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದೇ ಹೇಳಿದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹುರುಳಿ ಸಾರು, ರಾಗಿ ಮುದ್ದೆ ಉಂಡು ಬೆಳೆದ ತುಮಕೂರಿನವರಿಗೆ ಡಬ್ಬಿಯ ಪ್ರೋಟೀನ್ ಯಾಕೆ ಬೇಕು?

ನಿಜವಾಗಿ ನಮಗೆ ಬೇಕಾದ್ದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಸ್ವಲ್ಪ ಬಿಸಿಯಾಗುವಷ್ಟು ಚಟುವಟಿಕೆ ಇರಬೇಕು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯು ಬಲದ ವ್ಯಾಯಾಮ ಮಾಡಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಇಂಥವು. ನಾವು ನಡಿಗೆ ಮಾಡುತ್ತೇವೆ, ಇದನ್ನು ಬಿಡುತ್ತೇವೆ. ಬಚ್ಚಲುಮನೆಯಲ್ಲಿ ಜಾರಿ ಸೊಂಟ ಮುರಿದುಕೊಳ್ಳದಂತೆ ಕಾಯುವುದು ಇದೇ.

ಐದನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡಿತು. "ದುಡ್ಡು ಬರದಿದ್ದರೂ ಪರವಾಗಿಲ್ಲ. ಅಲ್ಲಿ ನಮ್ಮನ್ನು ಮಾತಾಡಿಸುವವರಿದ್ದಾರೆ. ಸ್ಟೇಜ್ ಹತ್ತಿಸಿ ಹಾರ ಹಾಕಿ ಚಪ್ಪಾಳೆ ತಟ್ಟುತ್ತಾರೆ. ಮನೆಯಲ್ಲಿ ಯಾರು ತಟ್ಟುತ್ತಾರೆ ಹೇಳಿ."

ಈ ಮಾತಿನ ಸಂಕಟ ನನಗೆ ಅರ್ಥವಾಗುತ್ತದೆ. ನಿವೃತ್ತಿಯ ಮರುದಿನದಿಂದ ಫೋನ್ ರಿಂಗಾಗುವುದು ನಿಲ್ಲುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ತಲೆ ಬಾಚಿಕೊಂಡು ಹೋಗಲು ಒಂದು ಜಾಗ ಬೇಕು ಎನಿಸುವುದು ಸಹಜ. ಆ ಜಾಗವನ್ನು ಮೊದಲು ಒದಗಿಸಿದವರು ಇವರು, ನಾವಲ್ಲ. ನಮ್ಮಂಥ ಸಂಘಗಳು ಡಿ.ಎ. ಬಾಕಿಯ ಬಗ್ಗೆ ಮಾತಾಡಿದಷ್ಟು ಒಬ್ಬೊಬ್ಬರ ಒಂಟಿತನದ ಬಗ್ಗೆ ಮಾತಾಡಿಲ್ಲ. ಆದರೂ ಕೇಳುತ್ತೇನೆ: ಆ ಹಾರ ನಿಮಗೋ, ಆ ತಿಂಗಳು ನೀವು ಕೊಂಡ ಮಾಲಿಗೋ? ಕೊಳ್ಳುವುದು ನಿಲ್ಲಿಸಿದ ಸಿಸ್ಟರ್‌ಗೆ ಆಮೇಲೆ ಒಂದೇ ಒಂದು ಫೋನ್ ಬರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಾದಿನಿ, ಷಡ್ಡಕ, ಹಳೆಯ ಸಹೋದ್ಯೋಗಿ, ಎದುರುಮನೆಯವರು ಎಲ್ಲರೂ ಗಿರಾಕಿಗಳಾಗಿ ಕಾಣತೊಡಗುತ್ತಾರೆ. ನಾವು ಬರುವುದು ಕಂಡರೆ ಅವರು ಬೇರೆ ದಾರಿ ಹಿಡಿಯುತ್ತಾರೆ. ಒಂಟಿತನಕ್ಕೆಂದು ತೆಗೆದುಕೊಂಡ ಮದ್ದು ಒಂಟಿತನವನ್ನೇ ಹೆಚ್ಚಿಸುತ್ತದೆ.

"ನಷ್ಟವಾದರೆ ನಮ್ಮ ದುಡ್ಡು ತಾನೇ" ಎಂದವರಿಗೆ ಉತ್ತರ ಚಿಕ್ಕದು. ನಿವೃತ್ತಿಯ ಹಣ ಒಬ್ಬರದಲ್ಲ. ನೀವು ಹೋದ ಮೇಲೆ ಹತ್ತಿಪ್ಪತ್ತು ವರ್ಷ ನಿಮ್ಮ ಹೆಂಡತಿ ಅಥವಾ ಗಂಡ ಅದರಲ್ಲೇ ಬದುಕಬೇಕಾಗಬಹುದು.

ಕೊನೆಯದು: "ಬೇಡ ಬೇಡ ಅನ್ನುತ್ತೀರಿ. ಹಾಗಾದರೆ ಏನು ಮಾಡಬೇಕು, ಅದನ್ನು ಹೇಳಿ."

ನ್ಯಾಯವಾದ ಪ್ರಶ್ನೆ. ಮೊದಲು, ಆರೋಗ್ಯವನ್ನೂ ಆದಾಯವನ್ನೂ ಒಂದೇ ಡಬ್ಬಿಯಲ್ಲಿ ಹುಡುಕುವುದನ್ನು ಬಿಡಬೇಕು. ಯಾವ ಕೆಲಸವೇ ಇರಲಿ, ಮೊದಲು ಯಾರ ಜೇಬಿನಿಂದ ದುಡ್ಡು ಹೊರಗೆ ಬರುತ್ತದೆ ಎಂದು ನೋಡಿ. ನಿಮ್ಮ ಜೇಬಿನಿಂದಲೇ ಆದರೆ, ಅದೂ ತಿಂಗಳು ತಿಂಗಳೂ ಆದರೆ, ಅದು ಕೆಲಸವಲ್ಲ.

ಒಂದು ಲಕ್ಷ ರೂಪಾಯಿಯ ಮಾಲು ಕೊಂಡು ಮಂಚದ ಕೆಳಗಿಡುವ ಬದಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದರೆ? 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 8.2ಕ್ಕೆ ಏರಿತು, ಠೇವಣಿಯ ಮಿತಿ 30 ಲಕ್ಷವಾಯಿತು. ಆ ದರದಲ್ಲಿ ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 2,050 ರೂಪಾಯಿ, ಐದು ವರ್ಷ, ಯಾರ ಮನೆ ಬಾಗಿಲನ್ನೂ ತಟ್ಟದೆ.

ಇನ್ನು ದುಡಿಮೆ. ಸಿಸ್ಟರ್ ಈಗ ವೈದ್ಯರ ಚೀಟಿ ಇದ್ದವರ ಮನೆಗೆ ಹೋಗಿ ಡ್ರೆಸ್ಸಿಂಗ್ ಬದಲಿಸುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ಬಂಡವಾಳ ಅವರು ಆಸ್ಪತ್ರೆಯಲ್ಲಿ ಕಲಿತ ಕೈಕೆಲಸ. ದಿನಕ್ಕೆ ಎರಡು ಮೂರು ಮನೆ, ನಡೆದೇ ಹೋಗುತ್ತಾರೆ. ನಾನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕೊಡಬಲ್ಲವರಿಂದ ಫೀಸು ತೆಗೆದುಕೊಳ್ಳುತ್ತೇನೆ. ನಿವೃತ್ತ ಗುಮಾಸ್ತರೊಬ್ಬರು ಮೂರು ಅಂಗಡಿಗಳ ಲೆಕ್ಕ ಬರೆಯುತ್ತಾರೆ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ ಮಾಡಿ ಮಾರುವ ಹೆಂಗಸರಿದ್ದಾರೆ. ಅವರ ಮಾಲನ್ನು ಜನ ಕೇಳಿಕೊಂಡು ಬಂದು ಒಯ್ಯುತ್ತಾರೆ. ಯಾರಿಗೂ ಕಾರು, ವಿದೇಶ ಪ್ರವಾಸ ಸಿಕ್ಕಿಲ್ಲ. ಆದರೆ ಬಂದದ್ದು ಲಾಭ, ಅದು ಕೈಯಲ್ಲಿ ಉಳಿದಿದೆ.

ಈಗಾಗಲೇ ಸೇರಿರುವವರು ಈ ತಿಂಗಳ ಪಾಯಿಂಟ್‌ಗೆಂದು ಇನ್ನೊಂದು ಡಬ್ಬಿ ಕೊಳ್ಳಬೇಡಿ. ಒಪ್ಪಂದದ ಕಾಗದ ತೆಗೆದು ಅದರಲ್ಲಿ ಕೂಲಿಂಗ್ ಆಫ್ ಅವಧಿ ಎಷ್ಟಿದೆ ನೋಡಿ. ಆ ಅವಧಿಯೊಳಗೆ ಹಿಂದೆ ಸರಿಯುವ ಹಕ್ಕು ನಿಮಗಿದೆ. ಬಿಡುತ್ತೇನೆ ಎಂದು ಬಾಯಲ್ಲಿ ಹೇಳದೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಿರಿಯರಿಗೆಂದೇ ಇರುವ ಸಹಾಯವಾಣಿ 14567. ಮೊದಲು ಮನೆಯವರಿಗೆ ಹೇಳಿ, ಮುಚ್ಚಿಡಬೇಡಿ. ದೂರು ಬರೆಯಲು ಜೊತೆ ಬೇಕಾದವರು ಶನಿವಾರ ಸಂಜೆ ಸಂಘದ ಕೊಠಡಿಗೆ ಬನ್ನಿ, ನಾನಿರುತ್ತೇನೆ. ಬಿಲ್ಲುಗಳು, ಒಪ್ಪಂದದ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಮರೆಯದೆ ತನ್ನಿ.