ಸಿಲಿಕೋನ್ ಟ್ಯೂಬೂ ಅಪ್ಪಯ್ಯನ ಪದ್ಮಿನಿಯೂ

ಇಲ್ಲಿ ಏನೂ ಬರೆಯದೆ ಎರಡು ತಿಂಗಳಾಯ್ತು. ಕಾರಣ ಆಫೀಸಲ್ಲ, ಅಪ್ಪಯ್ಯನ ಕಾರು. ಸರಿಯಾಗಿ ಹೇಳ್ಬೇಕಂದ್ರೆ ಅದರ ಮುಂದಿನ ಗಾಜು.

ನಮ್ಮನೆ ಕಾರು 1986ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ಮೈಕಟ್ಟು, ಮುಂಬೈನ ಕುರ್ಲಾದಲ್ಲಿ ತಯಾರಾದದ್ದು. ನನಗಿಂತ ಹನ್ನೊಂದು ವರ್ಷ ದೊಡ್ಡದು. ಮನೆಯಲ್ಲಿ ಮರ್ಯಾದೆಯೂ ಅದಕ್ಕೇ ಜಾಸ್ತಿ :-)

ಜೂನ್‌ನಲ್ಲಿ ಅಪ್ಪಯ್ಯ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ವಾಪಸ್ ಬರ್ತಿದ್ರು. ಮಂಡಗದ್ದೆ ದಾಟಿದ ಮೇಲೆ ಎದುರಿಂದ ಬಂದ ಲಾರಿಯ ಚಕ್ರಕ್ಕೆ ಸಿಕ್ಕಿದ ಕಲ್ಲೊಂದು ಹಾರಿ ಗಾಜಿಗೆ ಬಡೀತು. ಇಡೀ ಗಾಜು ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಯ್ತಂತೆ. ಮುಂದಿನದೇನೂ ಕಾಣಿಸಲ್ಲ. ಅರವತ್ತೇಳರ ಮನುಷ್ಯ ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂದಾಜಿನ ಮೇಲೆ ಕಾರನ್ನು ಬದಿಗೆ ತಂದು ನಿಲ್ಲಿಸಿದ್ರು. ಒಂದು ಗೀರೂ ಆಗ್ಲಿಲ್ಲ. ಫೋನಲ್ಲಿ ಹೇಳುವಾಗ ಅವರು ನಗ್ತಿದ್ರು, ಇತ್ತ ಬೆಂಗಳೂರಲ್ಲಿ ನನ್ನ ಕೈಕಾಲು ತಣ್ಣಗಾಗಿತ್ತು.

ಹಳೇ ಕಾರಿನ ಟಫನ್ಡ್ ಗಾಜಿನ ಗುಣವೇ ಅದು. ಒಡೆದರೆ ಪೂರ್ತಿ ಒಡೆಯುತ್ತೆ, ಕಲ್ಲುಸಕ್ಕರೆ ಹಾಗೆ ಪುಡಿಪುಡಿ. ಈಗಿನ ಕಾರುಗಳ ಮುಂದೆ ಇರೋದು ಲ್ಯಾಮಿನೇಟೆಡ್: ಎರಡು ಗಾಜಿನ ಹಾಳೆ, ನಡುವೆ ಪ್ಲಾಸ್ಟಿಕ್ ಪೊರೆ. ಕಲ್ಲು ಬಿದ್ರೆ ಜೇಡರ ಬಲೆಯಂಥ ಬಿರುಕು ಬರುತ್ತೆ, ಉಳಿದ ಕಡೆ ರಸ್ತೆ ಕಾಣ್ತಾನೇ ಇರುತ್ತೆ. (ಇದರ ಮೂಲ ಮಜವಾಗಿದೆ. 1903ರಲ್ಲಿ ಎದುವಾರ್ ಬೆನೆದಿಕ್ತುಸ್ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞನ ಕೈಯಿಂದ ಗಾಜಿನ ಫ್ಲಾಸ್ಕ್ ಒಂದು ಬಿತ್ತು. ಬಿರುಕು ಬಿಟ್ಟರೂ ಚೂರು ಚದುರಲಿಲ್ಲ. ಒಳಗೆ ಮೊದಲು ಇದ್ದ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆಯಾಗಿ ಅಂಟಿಕೊಂಡಿತ್ತು.) ಹಳೇ ಕಾರಿನ ಭಕ್ತರು "ಒರಿಜಿನಲ್ ಗಾಜೇ ಬೇಕು, ಮೂಲೆಯಲ್ಲಿ ಕಂಪನಿ ಮಾರ್ಕ್ ಇರ್ಬೇಕು" ಅಂತ ಗುಜರಿಯೆಲ್ಲ ಜಾಲಾಡ್ತಾರೆ. ಅಪ್ಪಯ್ಯನೂ ಅದೇ ರಾಗ ತೆಗೆದ್ರು. ನಾನು ಒಪ್ಪಲಿಲ್ಲ. ಮಂಡಗದ್ದೆಯ ಕಥೆ ಕೇಳಿದ ಮೇಲೆ ಆ ಮಾರ್ಕ್ ಕಟ್ಟಿಕೊಂಡು ನನಗೇನಾಗ್ಬೇಕು?

ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿ ಲ್ಯಾಮಿನೇಟೆಡ್ ಗಾಜು, ಹೊಸ ರಬ್ಬರ್ ಬೀಡಿಂಗ್ ಎರಡೂ ಹೊಂದಿಸಿದೆ. 2023ರ ಅಕ್ಟೋಬರ್‌ನಲ್ಲಿ ಮುಂಬೈನ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಇನ್ನು ಈ ಸಾಮಾನು ಯಾರಿಗಾಗಿ ತರಿಸ್ತಾರೆ ಹೇಳಿ. ಗಾಜನ್ನು ಕಂಬಳಿಯಲ್ಲಿ ಸುತ್ತಿ, ಗೆಳೆಯನ ಕಾರಿನ ಹಿಂದಿನ ಸೀಟಲ್ಲಿ ಮಗು ಥರ ಮಲಗಿಸಿ ಊರಿಗೆ ತಂದೆ.

ಅಸಲಿ ಕಥೆ ಶುರುವಾದದ್ದು ಊರಿನ ಗ್ಯಾರೇಜಲ್ಲಿ, ಹಳೇ ಬೀಡಿಂಗ್ ಕಿತ್ತಾಗ. ಕೆಳಗಿನ ಎರಡೂ ಮೂಲೆಯಲ್ಲಿ ತಗಡೇ ಇಲ್ಲ! ಸ್ಕ್ರೂಡ್ರೈವರ್ ಮುಟ್ಟಿಸಿದ್ರೆ ಹಪ್ಪಳದ ಹಾಗೆ ಪುಡಿಯಾಗಿ ಉದುರ್ತಿತ್ತು. ಅದರ ಮೇಲೆ ದಪ್ಪಗೆ, ಬೆಳ್ಳಗೆ ಸಿಲಿಕೋನ್.

"ಯಾವ ಪುಣ್ಯಾತ್ಮ ಬಳಿದದ್ದು ಮಾರಾಯ್ರೇ ಇದನ್ನ?" ಅಂದ್ರು ಮೇಸ್ತ್ರಿ.

ಅಪ್ಪಯ್ಯ ಮಾತಾಡದೆ ನನ್ನ ಮುಖ ನೋಡಿದ್ರು.

ಹೌದು, ನಾನೇ. ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ ಕಾಲ ಹತ್ತಿರ ನೀರು ಬರುತ್ತೆ ಅಂತ ಅಪ್ಪಯ್ಯ ಹೇಳಿದ್ದಕ್ಕೆ, ಹಾರ್ಡ್‌ವೇರ್ ಅಂಗಡಿಯಿಂದ ಟ್ಯೂಬ್ ತಂದು ರಬ್ಬರಿನ ಸುತ್ತ ಎಳೆದಿದ್ದೆ. ಅರ್ಧ ಗಂಟೆ ಕೆಲಸ. ಆ ವರ್ಷ ನೀರು ನಿಂತಿತ್ತು. ಬಗ್ ಫಿಕ್ಸ್ ಆಯ್ತು ಅಂತ ಬೀಗಿಕೊಂಡು ಬಸ್ಸು ಹತ್ತಿದ್ದೆ. ಆಫೀಸಲ್ಲಿ ಬೇರೆಯವರು ಎರರ್ ಮುಚ್ಚಿಟ್ಟು ಕೋಡ್ ಬರೆದ್ರೆ ರಿವ್ಯೂನಲ್ಲಿ ಕೂಗಾಡೋನು ನಾನು!

ನಿಂತದ್ದು ನೀರಲ್ಲ, ನೀರು ಹೊರಗೆ ಹೋಗುವ ದಾರಿ. ಬಿಸಿಲಿಗೆ ಗಟ್ಟಿಯಾದ ರಬ್ಬರ್ ತಗಡನ್ನು ಹಿಡಿಯಲ್ಲ, ಎಲ್ಲೋ ಕೂದಲಷ್ಟು ಸಂದು ಇದ್ದೇ ಇರುತ್ತೆ. ಅಲ್ಲಿಂದ ಇಳಿದ ನೀರು ಸಿಲಿಕೋನಿನ ಹಿಂದೆ ಸಿಕ್ಕಿಕೊಂಡು ಮಲೆನಾಡಿನ ನಾಲ್ಕು ಮಳೆಗಾಲ ಅಲ್ಲೇ ಕೂತಿತ್ತು. ಸಾಲದ್ದಕ್ಕೆ, ವಿನೆಗರ್ ವಾಸನೆ ಬರೋ ಆ ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಬಣ್ಣ ಹೋದ ಕಬ್ಬಿಣಕ್ಕೆ ಅದು ವಿಷ. ಅದರ ಜಿಡ್ಡು ಉಳಿದ ಕಡೆ ಹೊಸ ಬಣ್ಣವೂ ಹಿಡಿಯಲ್ಲ. ಮೇಸ್ತ್ರಿ ಅದನ್ನು ಕೆರೆಯೋಕೇ ಒಂದೂವರೆ ದಿನ ಹಾಕಿದ್ರು. ಬೈಗುಳ ಉಚಿತ.

ಈಗಿನ ಕಾರುಗಳಲ್ಲಿ ಗಾಜನ್ನು ಯುರೆಥೇನ್ ಅಂಟಿನಿಂದ ಬಾಡಿಗೇ ಅಂಟಿಸ್ತಾರೆ. ಅಲ್ಲಿ ಗಾಜೂ ಕಾರಿನ ಬಲದ ಒಂದು ಭಾಗ, ಸರಿ. ಆದ್ರೆ ಅದೇ ಅಂಟಿನ ಗನ್ ಹಿಡ್ಕೊಂಡು ಪದ್ಮಿನಿ, ಅಂಬಾಸಿಡರ್ ಹತ್ತಿರ ಬರುವವರನ್ನು ಗೇಟಲ್ಲೇ ತಡೀಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಈ ಕಾರುಗಳಲ್ಲಿ ಗಾಜು ರಬ್ಬರಿನ ತೋಡಲ್ಲಿ ಕೂರೋದು, ಬೇಕಾದಾಗ ಬಿಚ್ಚೋ ಹಾಗೆ. ಅಂಟಿಸಿದ್ರೆ ಮುಂದಿನವನು ಒಡೆದೇ ತೆಗೀಬೇಕು.

ನಮ್ಮ ಮೇಸ್ತ್ರಿ ಕೊಳೆತ ತಗಡು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿ, ಒಂದು ಗಂಟೂ ಉಳಿಯದ ಹಾಗೆ ತಿಕ್ಕಿದ್ರು. ಅಂಚಲ್ಲಿ ಸಣ್ಣ ಉಬ್ಬಿದ್ರೂ ಲ್ಯಾಮಿನೇಟೆಡ್ ಗಾಜು ಅಲ್ಲಿಂದಲೇ ಸೀಳುತ್ತೆ. ಪ್ರೈಮರ್, ಬಣ್ಣ ಪೂರ್ತಿ ಒಣಗಿದ ಮೇಲೆ ಗಾಜಿಗೆ ಬೀಡಿಂಗ್ ಹಾಕಿ, ಬೀಡಿಂಗಿನ ಇನ್ನೊಂದು ತೋಡಿನಲ್ಲಿ ಸುತ್ತಲೂ ನೈಲಾನ್ ಹಗ್ಗ ಕೂರಿಸಿ, ಸೋಪಿನ ನೀರು ಸವರಿದ್ರು. ಹೊರಗಿಂದ ಅವರು ಅಂಗೈಯಲ್ಲಿ ಒತ್ತೋದು, ಒಳಗೆ ಕೂತು ನಾನು ಹಗ್ಗ ಎಳೆಯೋದು. ಹಗ್ಗ ಬಂದಹಾಗೆ ರಬ್ಬರಿನ ತುಟಿ ತಗಡನ್ನು ಒಂದೊಂದೇ ಇಂಚು ದಾಟಿ ಒಳಗೆ ಕೂರುತ್ತೆ. ಎರಡು ಸಲ ತಪ್ಪಿತು. ಮೂರನೇ ಸಲ ಕೂತಾಗ ಬಂದ 'ಪ್ಲಕ್' ಸದ್ದು ಇನ್ನೂ ಕಿವಿಯಲ್ಲಿದೆ. ಕೊನೆಗೆ ರಬ್ಬರಿನ ತುಟಿ ಎತ್ತಿ ಒಳಗೆ, ಎಂದೂ ಗಟ್ಟಿಯಾಗದ ಮಾಸ್ಟಿಕ್ ತುಂಬಿದ್ರು. ಹಲಸಿನ ಮೇಣದ ಅಣ್ಣ ಅದು, ಕೈಗೆ ಹತ್ತಿದ್ರೆ ಹೋಗಲ್ಲ. ಆದ್ರೆ ಕಾರು ಅಲುಗಾಡಿದಾಗ ತಾನೂ ಬಾಗುತ್ತೆ, ಬಿರಿಯಲ್ಲ.

ಆಮೇಲೆ ಪೈಪು ಹಿಡಿದು ಪರೀಕ್ಷೆ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗ್ಬೇಕಂತೆ. ಮೇಲಿಂದ ಸುರಿದ್ರೆ ಎಲ್ಲಿ ಸೋರ್ತಿದೆ ಅನ್ನೋದೇ ಗೊತ್ತಾಗಲ್ಲ. ಅಪ್ಪಯ್ಯ ಒಳಗೆ ಟಾರ್ಚ್ ಹಿಡಿದು ಕೂತಿದ್ರು. ಇಪ್ಪತ್ತು ನಿಮಿಷ ಆದ್ಮೇಲೆ ಇಳಿದು, "ಒಣಗಿದೆ" ಅಂದ್ರು. ನಾಲ್ಕು ವರ್ಷದ ಹಿಂದಿನ ನನ್ನ ಘನಕಾರ್ಯದ ಬಗ್ಗೆ ಈವರೆಗೂ ಒಂದು ಮಾತು ಆಡಿಲ್ಲ. ಬೈದಿದ್ರೆ ವಾಸಿಯಿತ್ತು.

ಮೊನ್ನೆ ಮತ್ತೆ ಫೋನ್ ಮಾಡಿದ್ರು. ಮುಂದಿನ ಬಾಗಿಲಿನ ಸಣ್ಣ ತ್ರಿಕೋನ ಗಾಜಿನ ರಬ್ಬರ್ ಸೋರ್ತಿದೆಯಂತೆ, ಎಡಗಡೆದು. ಅದು ಜೆ.ಸಿ. ರಸ್ತೆಯಲ್ಲಿ ಸಿಗ್ಲಿಲ್ಲ. ನಿಮಗೆ ಯಾರಿಗಾದ್ರೂ ಸಿಗೋ ಜಾಗ ಗೊತ್ತಿದ್ರೆ ಕೆಳಗೆ ಕಾಮೆಂಟ್ ಹಾಕಿ ಪ್ಲೀಸ್. ಅಲ್ಲಿವರೆಗೆ ಅಪ್ಪಯ್ಯ ಅಲ್ಲೊಂದು ಹಳೇ ಪಂಚೆ ತುರುಕಿಟ್ಟಿದ್ದಾರೆ.