ಮರುಕಳಿಸಿದ ಗರ್ಭಕಂಠದ ಕ್ಯಾನ್ಸರ್: ಎರಡು ಕೀಮೋ ಒಟ್ಟಿಗೆ ಕೊಟ್ಟರೆ ಆಯಸ್ಸು ಕಡಿಮೆಯಾಗುತ್ತದೆಯೇ?

‘ಕ್ಯಾನ್ಸರ್ ಮತ್ತೆ ಬಂದರೆ ಕೀಮೋ ಬೇಡ, ಎರಡೆರಡು ಔಷಧ ಹಾಕಿದರೆ ರೋಗಕ್ಕಿಂತ ಮೊದಲು ರೋಗಿಯೇ ಹೋಗುತ್ತಾರೆ’ ಎಂಬ ಅರ್ಥದ ಮಾತು ವಾಟ್ಸಾಪ್‌ನಲ್ಲೂ ಬಂಧುಗಳ ಬಾಯಲ್ಲೂ ಕೇಳಿಬರುತ್ತದೆ. ಇದು ನಿಜವೇ?

ಎರಡು ಔಷಧ ಏಕೆ?

ಸಿಸ್‌ಪ್ಲಾಟಿನ್ ಕ್ಯಾನ್ಸರ್ ಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಹಾಳುಮಾಡುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಕೋಶ ಎರಡಾಗಿ ಒಡೆಯುವುದನ್ನೇ ತಡೆಯುತ್ತದೆ. ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಗಬಹುದು. ಮೊದಲ ಸಲ ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ ಪಡೆದವರಲ್ಲಿ ಅದೊಂದೇ ಮತ್ತೆ ಸಾಕಾಗದಿರಬಹುದು.

ಅಧ್ಯಯನಗಳು ಏನು ಹೇಳುತ್ತವೆ?

2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸಿಸ್‌ಪ್ಲಾಟಿನ್ ಮಾತ್ರ ಪಡೆದವರಲ್ಲಿ ಶೇ. 19 ಮಂದಿಗೆ ಗಡ್ಡೆ ಕುಗ್ಗಿತು. ಎರಡನ್ನೂ ಪಡೆದವರಲ್ಲಿ ಶೇ. 36 ಮಂದಿಗೆ. ಆಯಸ್ಸಿನಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಸಿಸ್‌ಪ್ಲಾಟಿನ್ ಜೊತೆ ಟೋಪೋಟೆಕಾನ್ ಕೊಟ್ಟಾಗ ಮಧ್ಯಮ ಬದುಕಿನ ಅವಧಿ 6.5 ತಿಂಗಳಿಂದ 9.4 ತಿಂಗಳಿಗೆ ಏರಿತು. 2014ರಲ್ಲಿ ಕೀಮೋ ಜೊತೆ ಬೆವಾಸಿಜುಮಾಬ್ ಸೇರಿಸಿದಾಗ 13 ತಿಂಗಳಿದ್ದದ್ದು 17 ತಿಂಗಳಾಯಿತು. ಅರ್ಧದಷ್ಟು ಮಂದಿ ಇದಕ್ಕಿಂತ ಹೆಚ್ಚು ಕಾಲ ಬದುಕಿದ್ದರು.

ಅಂದರೆ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ತಪ್ಪು. ಪೂರ್ತಿ ವಾಸಿಯಾಗುತ್ತದೆ ಎಂಬ ಭರವಸೆಯೂ ತಪ್ಪು. ಹೆಚ್ಚಿನವರಿಗೆ ಕೀಮೋ ರೋಗವನ್ನು ತಡೆಹಿಡಿದು, ನೋವು, ರಕ್ತಸ್ರಾವ ಕಡಿಮೆ ಮಾಡುವ ಚಿಕಿತ್ಸೆ.

ಮೊದಲು ಕೇಳಬೇಕಾದ ಪ್ರಶ್ನೆ

ರೋಗ ಮರಳಿ ಬಂದಿರುವುದು ಎಲ್ಲಿ? ಮೊದಲಿದ್ದ ಜಾಗದಲ್ಲಷ್ಟೇ ಇದ್ದರೆ ಕೆಲವರಿಗೆ ಆಪರೇಷನ್ ಅಥವಾ ರೇಡಿಯೇಷನ್‌ನಿಂದ ವಾಸಿಯಾಗುವ ಅವಕಾಶವಿದೆ. ಎರಡನೆಯದು, ಕಿಡ್ನಿ ಹೇಗಿದೆ? ಗಡ್ಡೆ ಮೂತ್ರನಾಳವನ್ನು ಒತ್ತಿದ್ದರೆ ಸಿಸ್‌ಪ್ಲಾಟಿನ್ ಕೊಡುವುದು ಕಷ್ಟ. ಆಗ ಕಾರ್ಬೋಪ್ಲಾಟಿನ್ ಬಳಸುವುದುಂಟು.

ರಾಮನಗರ ಭಾಗದವರಿಗೆ

ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಕೀಮೋ ಇರುತ್ತದೆ. ರಾಮನಗರ, ಚನ್ನಪಟ್ಟಣದವರಿಗೆ ಬೆಂಗಳೂರಿಗೆ ರೈಲಿದೆ. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ಹೀಗಾಗಿ ರಕ್ತಪರೀಕ್ಷೆಯನ್ನಾದರೂ ಊರಲ್ಲೇ ಮಾಡಿಸಿ ತರಬಹುದೇ ಎಂದು ವೈದ್ಯರನ್ನು ಕೇಳಿ. ಬೆಂಗಳೂರಿನಲ್ಲಿ ಸರ್ಕಾರಿ ಕಿದ್ವಾಯಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮಗೆ ಬರೆದ ಔಷಧ ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಆ ತಾಯಿಯೂ ವೈದ್ಯರೂ ಕೂತು ತೀರ್ಮಾನಿಸಲಿ, ಫಾರ್ವರ್ಡ್ ಅಲ್ಲ.