ವಿದ್ವತ್ತಿಗೆ ಯಾರ ಕಾಟಾ?

ಮನ್ನಾಏಖೇಳ್ಳಿಯ ಸಂತೆಯಲ್ಲಿ ಬೇಳೆ ಮಾರುವವನ ತಕ್ಕಡಿಗೂ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ಕಲ್ಲಿಟ್ಟು ತೂಗಿದವನು ದಂಡ ತೆರಬೇಕು. ಇದು ನ್ಯಾಯವೇ ಸರಿ. ತೂಗುವವನ ಕೈಯಲ್ಲಿ ಕೊಳ್ಳುವವನ ಹೊಟ್ಟೆ ಇರುತ್ತದೆ. ಆದುದರಿಂದ ತೂಕದ ಮೇಲೆ ಸಮಾಜದ ಕಣ್ಣು ಇರತಕ್ಕದ್ದು. ಹಾಗಾದರೆ ನಾವು ಕೇಳುತ್ತೇವೆ: ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ವಿದ್ವಾಂಸನನ್ನು ತೂಗುವ ತಕ್ಕಡಿಗೆ ಯಾರ ಮುದ್ರೆ ಇದೆ?

ಇದು ಪ್ರೊಫೆಸರರ ಜಗಳ, ನಮಗೇಕೆ ಎನ್ನಬೇಡಿ, ಬಾಂಧವರೇ. ನಿಮ್ಮ ಮಗಳು ಬೀದರಿಗೋ ಕಲಬುರಗಿಗೋ ಓದಲು ಹೋದರೆ ಅವಳಿಗೆ ಪಾಠ ಹೇಳುವವರು ಯಾರು, ಬಡ್ತಿ ಪಡೆಯುವವರು ಯಾರು ಎಂಬುದರಲ್ಲಿ ಈ ತಕ್ಕಡಿಗೆ ದೊಡ್ಡ ಪಾಲಿದೆ. ತೂಗಿಸುವ ಖರ್ಚು ಬರುವುದು ನೀವು ಕೊಟ್ಟ ತೆರಿಗೆಯಿಂದ.

ತಕ್ಕಡಿಯ ಕಥೆ ಸರಳವಾದದ್ದು. ಅಮೆರಿಕದ ಯೂಜಿನ್ ಗಾರ್‌ಫೀಲ್ಡ್ ಎಂಬವರು ೧೯೫೫ರಲ್ಲಿ ಒಂದು ಸಲಹೆ ಮುಂದಿಟ್ಟರು: ಯಾವ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂದು ಪಟ್ಟಿ ಮಾಡಿದರೆ ವಿಜ್ಞಾನಿಗೆ ಹುಡುಕಾಟ ಸುಲಭವಾಗುತ್ತದೆ. ೧೯೬೪ರಲ್ಲಿ ಪಟ್ಟಿ ಹೊರಬಂತು. ಹುಡುಕಲು ಹುಟ್ಟಿದ ಪಟ್ಟಿ ಬರಬರುತ್ತ ಅಳೆಯುವ ಗಜವಾಯಿತು. ೨೦೦೫ರಲ್ಲಿ ಭೌತವಿಜ್ಞಾನಿ ಹಿರ್ಶ್ ಅವರು ಎಚ್-ಸೂಚ್ಯಂಕವನ್ನು ತಂದರು. ಒಬ್ಬನ ಇಪ್ಪತ್ತು ಲೇಖನಗಳು ತಲಾ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ ಇಪ್ಪತ್ತು. ಇನ್ನೊಬ್ಬನು ಬಾಳೆಲ್ಲ ದುಡಿದು ಮೂರೇ ಮಹಾಗ್ರಂಥ ಬರೆದ ಎನ್ನಿ. ಒಂದೊಂದನ್ನೂ ಸಾವಿರ ಜನ ಉಲ್ಲೇಖಿಸಿದರೂ ಅವನ ಅಂಕ ಮೂರನ್ನು ದಾಟಲಾರದು. ಒಂದು ಶಾಸ್ತ್ರದ ಅಂಕಕ್ಕೂ ಇನ್ನೊಂದರ ಅಂಕಕ್ಕೂ ಹೋಲಿಕೆ ಸಲ್ಲದು, ಜೀವವಿಜ್ಞಾನದಲ್ಲಿ ಅಂಕ ಭೌತವಿಜ್ಞಾನಕ್ಕಿಂತ ಹೆಚ್ಚೇ ಬರುತ್ತದೆ ಎಂದು ಹಿರ್ಶ್ ಅವರೇ ಎಚ್ಚರಿಸಿದ್ದರು. ಗಜ ಹಿಡಿದವರು ಎಚ್ಚರಿಕೆಯನ್ನು ಮರೆತರು.

ಇಂದು ಈ ಕಾಟಾ ಎರಡು ಕಂಪನಿಗಳ ಕೈಯಲ್ಲಿದೆ. ಒಂದು ಕ್ಲಾರಿವೇಟ್, ಇನ್ನೊಂದು ಎಲ್ಸೆವಿಯರ್. ಎಲ್ಸೆವಿಯರ್ ೨೦೦೪ರಲ್ಲಿ ಸ್ಕೋಪಸ್ ಎಂಬ ಪಟ್ಟಿಯನ್ನು ತೆರೆಯಿತು. ಪತ್ರಿಕೆಗಳನ್ನು ಅಚ್ಚು ಹಾಕಿ ಮಾರುವವರೂ ಅವರೇ, ಯಾವ ಪತ್ರಿಕೆ ಎಷ್ಟು ತೂಗುತ್ತದೆಂದು ಹೇಳುವವರೂ ಅವರೇ. ಕಬ್ಬು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಟಾ ಕಾರ್ಖಾನೆಯದು, ರಸೀದಿಯೂ ಕಾರ್ಖಾನೆಯದು. ನಮ್ಮ ದೇಶದ ಅಧ್ಯಾಪಕನು ಸರ್ಕಾರಿ ಸಂಬಳದಲ್ಲಿ ಬರೆದ ಲೇಖನವನ್ನು ಪುಕ್ಕಟೆಯಾಗಿ ಕೊಡುತ್ತಾನೆ. ಇನ್ನೊಬ್ಬ ಅಧ್ಯಾಪಕನು ಪುಕ್ಕಟೆಯಾಗಿ ಅದನ್ನು ಪರೀಕ್ಷಿಸುತ್ತಾನೆ. ಕಂಪನಿಯು ಅದನ್ನೇ ನಮಗೆ ತಿರುಗಿ ಮಾರುತ್ತದೆ. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಮೂವತ್ತು ಪ್ರಕಾಶಕರ ಪತ್ರಿಕೆಗಳಿಗೆ ಮೂರು ವರ್ಷದ ಚಂದಾ ಎಂದು ೬,೦೦೦ ಕೋಟಿ ರೂಪಾಯಿ ಮಂಜೂರು ಮಾಡಿತು. ಓದುವ ಹಕ್ಕು ದಕ್ಕಿದ್ದು ಸರ್ಕಾರಿ ಉಚ್ಚ ಶಿಕ್ಷಣ ಹಾಗೂ ಸಂಶೋಧನ ಸಂಸ್ಥೆಗಳಿಗೆ. ತೆರಿಗೆ ಕೊಟ್ಟ ದುಕಾನದಾರನು ಊರಿನ ಗ್ರಂಥಾಲಯಕ್ಕೆ ಹೋಗಿ ಕೇಳಿದರೆ ಆ ಪತ್ರಿಕೆ ಅವನಿಗಿಲ್ಲ.

ಈ ತಕ್ಕಡಿಯಲ್ಲಿ ನಮ್ಮವರನ್ನೇ ಇಟ್ಟು ನೋಡೋಣ.

ಸರ್ ಸಿ. ವಿ. ರಾಮನ್ ಅವರು ಬೆಳಕಿನ ಸಂಶೋಧನೆಗಾಗಿ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಪಡೆದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅವರು ತಬಲ ಮೃದಂಗಗಳ ನಾದವನ್ನೂ ಶೋಧಿಸಿದರು. ಆ ವಿಷಯದಲ್ಲಿ ೧೯೨೦ರಲ್ಲಿ ಒಂದು ಲೇಖನ ಬರೆದರು, ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿ ಇನ್ನೊಂದು. ಸಾಮಾನ್ಯ ಚರ್ಮವಾದ್ಯದ ಕಂಪನಗಳು ಒಂದಕ್ಕೊಂದು ಸ್ವರದಲ್ಲಿ ಕೂಡುವುದಿಲ್ಲ. ನಡುವೆ ಮೆತ್ತಿದ ಕಪ್ಪು ಕರಣೆಯ ಭಾರದಿಂದ ಅವು ಕೂಡಿ ನಾದವಾಗುತ್ತವೆ ಎಂದು ತೋರಿಸಿದರು. ೧೯೩೪ರ ಲೇಖನವನ್ನು ವಿಲಾಯತಿಗೆ ಕಳಿಸದೆ, ತಾವೇ ಆ ವರ್ಷ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಂದಿನ ಎಷ್ಟೋ ಆಯ್ಕೆ ಸಮಿತಿಗಳಲ್ಲಿ ಮೊದಲು ಕೇಳುವ ಪ್ರಶ್ನೆ, ಪತ್ರಿಕೆ ಯಾವ ಪಟ್ಟಿಯಲ್ಲಿದೆ ಎಂಬುದು. ಲೇಖನದಲ್ಲಿ ಏನಿದೆ ಎಂಬ ಪ್ರಶ್ನೆ ಆಮೇಲಿನದು.

ಇನ್ನೊಂದು ಮಾತು. ಕರಣೆ ಹಚ್ಚಿದವನು ಯಾರು? ಪದರದ ಮೇಲೆ ಪದರ ಮೆತ್ತಿ, ಕಲ್ಲಿನಿಂದ ಉಜ್ಜಿ, ಕಿವಿಗೊಟ್ಟು ಪರೀಕ್ಷಿಸಿದ ಕುಶಲ ಕೆಲಸಗಾರನು. ರಾಮನ್ನರು ಸಿದ್ಧಪಡಿಸಿದ ಸತ್ಯವನ್ನು ಅವನ ಬೆರಳು ನೂರಾರು ವರ್ಷ ಮೊದಲೇ ಕಂಡಿತ್ತು. ಅವನ ಉಲ್ಲೇಖಗಳೆಷ್ಟು? ಸೊನ್ನೆ. ಮಿಲ್ಲಿನ ಬಾಂಧವರಿಗೆ ಈ ಸೊನ್ನೆಯ ಪರಿಚಯ ಚೆನ್ನಾಗಿದೆ.

ಮೈಸೂರಿನ ರಾ. ಸತ್ಯನಾರಾಯಣ ಅವರನ್ನು ತೆಗೆದುಕೊಳ್ಳಿ. ಹೊಟ್ಟೆಪಾಡಿಗೆ ಶಾರದಾವಿಲಾಸ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ. ಬಾಳಿನ ತಪಸ್ಸು ಸಂಗೀತಶಾಸ್ತ್ರ. ಹಸ್ತಪ್ರತಿಗಳನ್ನು ಕೂಡಿಸಿ, ಪಾಠಭೇದಗಳನ್ನು ತಿದ್ದಿ, ಪುಂಡರೀಕ ವಿಠಲನ 'ನರ್ತನನಿರ್ಣಯ'ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. 'ಸಂಗೀತರತ್ನಾಕರ'ಕ್ಕೆ ಕನ್ನಡದಲ್ಲಿ ವ್ಯಾಖ್ಯಾನ ಬರೆದರು. ೨೦೧೮ರಲ್ಲಿ ಪದ್ಮಶ್ರೀ ಬಂತು, ೨೦೨೦ರಲ್ಲಿ ತೀರಿಕೊಂಡರು. ಇವರನ್ನು ರಸಾಯನದ ಗಜದಿಂದ ಅಳೆಯುವಿರೋ, ಸಂಗೀತದ ಗಜದಿಂದಲೋ? ಇಂಗ್ಲಿಷಿನಲ್ಲಿ ಶೀರ್ಷಿಕೆ ಮತ್ತು ಸಾರಾಂಶ ಇಲ್ಲದ ಪತ್ರಿಕೆಯನ್ನು ಸ್ಕೋಪಸ್ ತನ್ನ ಪಟ್ಟಿಗೆ ಸೇರಿಸಿಕೊಳ್ಳುವುದೇ ಇಲ್ಲ. ಕನ್ನಡದಲ್ಲಿ ಬರೆದವನು ಬಾಗಿಲ ಹೊರಗೆ. ಇದಕ್ಕೆ ಅಸ್ಪೃಶ್ಯತೆ ಎನ್ನದೆ ಬೇರೆ ಏನೆನ್ನಬೇಕು?

ಮಲ್ಲಿಕಾರ್ಜುನ ಮನ್ಸೂರರ ಶಾಲೆಯ ಓದು ಅಲ್ಪ. ಆದರೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಅವರನ್ನು ಕರೆದು ಸಂಗೀತ ವಿಭಾಗವನ್ನು ಒಪ್ಪಿಸಿತು. ಅಂದು ಅವರನ್ನು ತೂಗಿದ್ದು ಕಿವಿ. ನಮ್ಮ ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. ಅಲ್ಲಿ ದತ್ತ ಜಯಂತಿಯ ಸಂಗೀತ ದರಬಾರಿಗೆ ಬಂದ ಗವಾಯಿಯ ಯೋಗ್ಯತೆಯನ್ನು ಚಾಪೆಯ ಮೇಲೆ ಕುಳಿತ ಒಕ್ಕಲಿಗನೂ ತಿಳಿಯಬಲ್ಲ, ಏಕೆಂದರೆ ಅವನು ಕೇಳುತ್ತಾನೆ. ಕೇಳದೆ ಗವಾಯಿಯನ್ನು ಅಳೆಯಲಾಗದು. ಓದದೆ ವಿದ್ವಾಂಸನನ್ನು ಅಳೆಯುವುದು ಮಾತ್ರ ಹೇಗೆ ಸಾಧ್ಯ?

ಇಲ್ಲಿ ಎದುರಾಳಿಯ ಒಂದು ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಂಕ ಇಲ್ಲದಿದ್ದರೆ ಜಾತಿ, ವಶೀಲಿ, ಮಂತ್ರಿಯ ಚೀಟಿ ಇವೇ ನೌಕರಿ ಕೊಡಿಸುತ್ತವೆ. ಬಡವನ ಮಗನಿಗೆ ಅಂಕವೇ ಆಸರೆ ಎನ್ನುತ್ತಾರೆ. ವಶೀಲಿಯ ರೋಗ ನಿಜ. ಆದರೆ ಮದ್ದು ಯಾವುದು? ೨೦೧೦ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಧ್ಯಾಪಕರ ನೇಮಕ ಬಡ್ತಿಗಳಿಗೆ ಅಂಕಪಟ್ಟಿ ಕಟ್ಟಿತು. ಲೇಖನಕ್ಕೆ ಇಷ್ಟು ಅಂಕ ಎಂದೊಡನೆ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. ೨೦೧೮ರ ಮೇ ತಿಂಗಳಲ್ಲಿ ಆಯೋಗವೇ ತಾನು ಒಪ್ಪಿದ್ದ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಕೇರ್ ಎಂಬ ಹೊಸ ಪಟ್ಟಿ ಬಂತು. ೨೦೨೫ರಲ್ಲಿ ಅದನ್ನೂ ಕೈಬಿಟ್ಟರು. ದುಡ್ಡಿಗೆ ಲೇಖನ ಬರೆದುಕೊಡುವ ಅಂಗಡಿಗಳನ್ನು ಜಗತ್ತೆಲ್ಲ 'ಪೇಪರ್ ಮಿಲ್ಲು' ಎಂದು ಕರೆಯುತ್ತದೆ. ಬಾಂಧವರೇ, ನಿಮ್ಮ ಮಿಲ್ಲಿನಲ್ಲಿ ಬೆವರಿಲ್ಲದೆ ಮಾಲು ಹೊರಬೀಳುವುದಿಲ್ಲ; ಆ ಮಿಲ್ಲಿನಲ್ಲಿ ಬೆವರು ಇಲ್ಲ, ಮಾಲು ಉಂಟು. ೨೦೨೩ರ ಒಂದೇ ವರ್ಷದಲ್ಲಿ ಹಿಂದಾವಿ ಎಂಬ ಪ್ರಕಾಶನ ಸಂಸ್ಥೆಯು ಎಂಟು ಸಾವಿರಕ್ಕೂ ಮಿಕ್ಕಿ ಲೇಖನಗಳನ್ನು ಹಿಂತೆಗೆದುಕೊಂಡಿತು. ಕೊಂಡುಕೊಳ್ಳಬಹುದಾದ ಅಂಕ ಬಡವನಿಗೆ ಆಸರೆಯಾಗುವುದಿಲ್ಲ. ಮೊದಲು ಚೀಟಿಗೆ ಖರ್ಚಾಗುತ್ತಿದ್ದ ಹಣ ಈಗ ಅಚ್ಚಿಗೆ ಖರ್ಚಾಗುತ್ತದೆ, ಅಷ್ಟೆ.

ಕತ್ತಲೆಯಲ್ಲಿ ನಡೆಯುವ ವಶೀಲಿಗೆ ಮದ್ದು ಬೆಳಕು. ಆದುದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ಪ್ರತಿ ಅಭ್ಯರ್ಥಿಯ ಮೂರು ಉತ್ತಮ ಕೃತಿಗಳನ್ನು ಆಯ್ಕೆ ಸಮಿತಿ ಪೂರ್ತಿ ಓದಬೇಕು, ಒಪ್ಪಿದ್ದೇಕೆ, ಬಿಟ್ಟದ್ದೇಕೆ ಎಂದು ಬರೆದು, ಸಹಿ ಹಾಕಿ, ಯಾರು ಬೇಕಾದರೂ ಓದುವಂತೆ ಪ್ರಕಟಿಸಬೇಕು. ಬಚ್ಚಿಟ್ಟ ತೀರ್ಪಿನಲ್ಲಿ ಜಾತಿ ಅಡಗುತ್ತದೆ, ಸಹಿ ಹಾಕಿದ ತೀರ್ಪಿನಲ್ಲಿ ಅಡಗುವುದು ಕಷ್ಟ.

ಎರಡು: ಕನ್ನಡದ ಗ್ರಂಥ, ಹಸ್ತಪ್ರತಿಯ ಸಂಪಾದನೆ, ಕಚೇರಿಯ ಗಾಯನ ಇವುಗಳನ್ನು ಆಯಾ ವಿದ್ಯೆ ಬಲ್ಲವರೇ ತೂಗಬೇಕು. ಆಕಾಶವಾಣಿಯ ದರ್ಜೆ ಪಡೆದ ಕಲಾವಿದರಿಗೆ ಆಯೋಗದ ನಿಯಮಗಳಲ್ಲಿ ಈಗಲೇ ಒಂದು ಕಿಂಡಿ ಇದೆ. ಅದು ಬಾಗಿಲಾಗಲಿ.

ಮೂರು: ಸಾರ್ವಜನಿಕ ಹಣದಿಂದ ಹುಟ್ಟಿದ ವಿದ್ಯೆ ಊರಿನ ಗ್ರಂಥಾಲಯದಲ್ಲಿಯೂ ಪುಕ್ಕಟೆಯಾಗಿ ಸಿಗಬೇಕು, ಉಲ್ಲೇಖಗಳ ಪಟ್ಟಿಯೂ ಸಾರ್ವಜನಿಕ ಒಡೆತನಕ್ಕೆ ಬರಬೇಕು.

ಸಂತೆಯ ಸಣ್ಣ ವ್ಯಾಪಾರಿಯ ಕಲ್ಲನ್ನು ಕಾಲಕಾಲಕ್ಕೆ ಪರೀಕ್ಷಿಸುವ ಸರ್ಕಾರವು ಈ ದೊಡ್ಡ ಕಾಟಾವನ್ನು ಮುಟ್ಟಲು ಹೆದರುವುದೇಕೆ? ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬರುವವರಿಗೆ ಈ ಪ್ರಶ್ನೆ ಹಾಕಿರಿ. ಉತ್ತರ ಬರುವವರೆಗೆ ಬಿಡಬೇಡಿರಿ.